ಇಪ್ಪತ್ತಮೂರನೆಯ ಪುಟದ ಉಣ್ಣೆ ಕಂಕಣ

ಆದ ಅನ್ಯಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದೇವದುರ್ಗದ ಒಂದು ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘದವರು ನನ್ನಿಂದ ಡಿಜಿಟಲ್ ನೆನಪಿನ ಪುಸ್ತಕವೊಂದನ್ನು ಮಾಡಿಸಿಕೊಂಡರು. ಅದಕ್ಕಾಗಿ ಒಬ್ಬ ಹೆಣ್ಣುಮಗಳು ನನ್ನನ್ನು ನಂಬಿ ಕೊಟ್ಟಿದ್ದ ಕರಿಯುಣ್ಣೆಯ ಕಂಕಣವನ್ನು ಕಸದ ಜೊತೆ ಗುಡಿಸಿ ಹಾಕಿಸಿದರು. ಪುಸ್ತಕದಲ್ಲಿ ಅದರ ಜಾಗಕ್ಕೆ ಇಂಟರ್ನೆಟ್ಟಿನಿಂದ ತೆಗೆದ ಜರಿಯ ಕಂಕಣದ ಚಿತ್ರವನ್ನು ಕೂರಿಸಿದರು. ಆಮೇಲೆ ವೇದಿಕೆಗೆ ಕರೆದು ನನಗೆ ಶಾಲು ಹೊದಿಸಿದರು. ಅನ್ಯಾಯವಾದದ್ದು ಆ ಹೆಣ್ಣುಮಗಳಿಗೆ, ನನಗಾದದ್ದು ಅವಮಾನ. ಎರಡನ್ನೂ ನಾನು ಬೇರೆ ಬೇರೆಯಾಗಿ ನೆನಪಿಟ್ಟುಕೊಂಡಿದ್ದೇನೆ.

ಆ ಶಾಲೆಯಲ್ಲಿ ಹೊಲಿಗೆ ಕಲಿಸಿದವಳು ನಾನು. ನಿವೃತ್ತಿಯ ನಂತರ ರಾಯಚೂರಿನ ಮನೆಯಲ್ಲಿ ಒಂದು ಸ್ಕ್ಯಾನರ್ ಇಟ್ಟುಕೊಂಡು, ಪರಿಚಿತರ ಹಳೆಯ ಪತ್ರ, ಫೋಟೋ, ಕಸೂತಿಯ ತುಂಡುಗಳನ್ನು ಕಂಪ್ಯೂಟರಿಗೆ ಏರಿಸಿ ಪುಟಪುಟವಾಗಿ ಜೋಡಿಸಿಕೊಡುತ್ತಿದ್ದೆ. ಸುದ್ದಿ ಸಂಘದವರ ಕಿವಿಗೆ ಬಿತ್ತು. ಶಾಲೆಯ ಸ್ಟಾಫ್ ರೂಮಿನಲ್ಲಿ ಸಭೆ ಕರೆದರು. ಸಂಘದ ಅಧ್ಯಕ್ಷರು ಅದೇ ಶಾಲೆಯಲ್ಲಿ ಓದಿದವರು, ಈಗ ಅಕ್ಕಿ ಗಿರಣಿಯ ಮಾಲೀಕರು. ನನ್ನ ಹೆಸರು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಸಭೆಗೆ ಪರಿಚಯಿಸುವಾಗ ಅವರು ಹೇಳಿದ್ದು ಇಷ್ಟು: "ಇವ್ರು ನಮ್ಮ ಹೊಲಿಗಿ ಅಕ್ಕೋರು. ಗುಂಡಿ ಹಚ್ಚಾದು ಕಲಿಸ್ತಿದ್ರು." ನಾಲ್ಕು ಜನ ನಕ್ಕರು. ಯಾರು ಯಾರೆಂಬುದು ನೆನಪಿದೆ.

"ಫೋಟೋ ಸಾಕಲ್ರಿ ಅಕ್ಕೋರೇ, ಮಂದಿ ಸಾಮಾನು ಯಾಕ ಬೇಕು?" ಎಂದು ಅಧ್ಯಕ್ಷರು ಕೇಳಿದರು.

ನಮ್ಮ ಶಾಲೆಯ ಅರ್ಧದಷ್ಟು ಮಕ್ಕಳು ಫೋಟೋ ತೆಗೆಸಿಕೊಂಡವರೇ ಅಲ್ಲ ಎಂದು ನಾನು ಹೇಳಿದೆ. ಗುಂಪಿನ ಫೋಟೋದ ದಿನ ಕುರಿಯ ಹಿಂದೆ ಹೋದವರು, ಹತ್ತಿ ಬಿಡಿಸಲು ಹೋದವರು ಎಷ್ಟೋ ಮಂದಿ. ಅವರ ಬಳಿ ಉಳಿದಿರುವುದು ವಸ್ತುಗಳು: ಓಟದಲ್ಲಿ ಗೆದ್ದ ಬಿಲ್ಲೆ, ತಗಡಿನ ಪೆಟ್ಟಿಗೆಯ ಬೀಗದ ಕೈ, ಪರೀಕ್ಷೆಯ ಹಾಲ್ ಟಿಕೆಟ್ಟು. ಬರೀ ಫೋಟೋಗಳಿಂದ ಪುಸ್ತಕ ಮಾಡಿದರೆ ಅದು ಊರಿನಲ್ಲಿ ಉಳಿಯಲು ಅನುಕೂಲವಿದ್ದವರ ಪುಸ್ತಕವಾಗುತ್ತದೆ ಎಂದೆ. ಅಧ್ಯಕ್ಷರು ಕೈಗಡಿಯಾರ ನೋಡಿಕೊಂಡು, "ಆಯ್ತು, ನಿಮ್ಮ ಇಷ್ಟ" ಎಂದರು. ಆ ಮಾತನ್ನು ನಾನು ಒಪ್ಪಿಗೆಯೆಂದು ತಿಳಿದೆ.

ಕೆಲಸದ ಕ್ರಮವನ್ನು ಮೊದಲ ದಿನವೇ ಗೊತ್ತುಮಾಡಿಕೊಂಡೆ. ದರ್ಜಿಯ ಅಂಗಡಿಯಲ್ಲಿ ಇರುವಂಥ ಎರಡು ತುಂಡಿನ ಚೀಟಿ ಪುಸ್ತಕ: ಒಂದು ತುಂಡು ಕೊಟ್ಟವರಿಗೆ, ಒಂದು ನನಗೆ. ಚೀಟಿಯಲ್ಲಿ ವಸ್ತುವಿನ ಹೆಸರು, ಅದರ ಈಗಿನ ಸ್ಥಿತಿ, ಹಿಂದಿರುಗಿಸುವ ವಾಯಿದೆ, ಇಬ್ಬರ ಸಹಿ. ವಸ್ತುವಿನ ಮೇಲೆ ಅಂಟು ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಅಂಟು ಬಿಡಿಸುವಾಗ ವಸ್ತುವಿನದೊಂದು ಪದರವೂ ಕಿತ್ತು ಬರುತ್ತದೆ. ಆದ್ದರಿಂದ ಬಿಳಿ ಬಟ್ಟೆಯ ಚಿಕ್ಕ ಪಟ್ಟಿಗಳ ಮೇಲೆ ಸಂಖ್ಯೆ ಬರೆದು, ಪ್ರತಿ ವಸ್ತುವಿಗೂ ಬಿಳಿ ದಾರದ ಸಡಿಲ ಕುಣಿಕೆ ಹಾಕಿ ಕಟ್ಟಿದೆ. ಹೊಲಿದು ಕಟ್ಟಿದ ಸಂಖ್ಯೆ ತಾನಾಗಿ ಬಿಚ್ಚುವುದಿಲ್ಲ. ಬಿಚ್ಚಬೇಕಾದರೆ ಯಾರಾದರೂ ಕತ್ತರಿ ಹಿಡಿಯಬೇಕು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಒಟ್ಟು ಮೂವತ್ತೊಂಬತ್ತು ವಸ್ತುಗಳು ಬಂದವು. ದೇವದುರ್ಗದಲ್ಲಿ ಕೆಲವು, ಮಾನ್ವಿ ಸುತ್ತಿನ ಹಳ್ಳಿಗಳಲ್ಲಿ ಕೆಲವು, ಶಕ್ತಿನಗರದ ಕ್ವಾರ್ಟರ್ಸಿನಲ್ಲಿ ನಾಲ್ಕು. ಎಲ್ಲವನ್ನೂ ನಾನೇ ಬಸ್ಸಿನಲ್ಲಿ ಹೋಗಿ ತಂದೆ. ಒಂದು ವಸ್ತುವಿಗೆ ಒಂದು ಪುಟ. ವಸ್ತುವಿನ ಸಂಖ್ಯೆಯೇ ಪುಟದ ಸಂಖ್ಯೆ. ಪುಟದಲ್ಲಿ ವಸ್ತುವಿನ ಚಿತ್ರ, ಕೊಟ್ಟವರ ಮಾತಿನಲ್ಲೇ ನಾಲ್ಕು ಸಾಲು, ಮತ್ತು ಒತ್ತಿದರೆ ಕೇಳಿಸುವ ಅವರ ಧ್ವನಿ, ಅರ್ಧ ನಿಮಿಷ.

ಇಪ್ಪತ್ತಮೂರನೆಯದನ್ನು ತರಲು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿಗೆ ಹೋದೆ. ಕೊಡುವವಳು ಅಲ್ಲಿಯ ಅಂಗನವಾಡಿ ಕಾರ್ಯಕರ್ತೆ, ನನ್ನ ಹಳೆಯ ವಿದ್ಯಾರ್ಥಿನಿ. ತಲೆಗೂದಲು ನನ್ನದಕ್ಕಿಂತ ಹೆಚ್ಚು ಬೆಳ್ಳಗಾಗಿತ್ತು.

"ಬರ್ರಿ ಅಕ್ಕೋರೇ, ಬರ್ರಿ. ಹುಡುಗ್ರು ಉಣ್ಣಾಕತ್ತಾವ, ಒಂದೀಟು ಕುಂದ್ರಿ," ಎಂದಳು. ಮಕ್ಕಳು ಉಂಡು ಎದ್ದ ಮೇಲೆ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಒಳಗಿನಿಂದ ಹಳೆಯ ಪೌಡರ್ ಡಬ್ಬಿಯೊಂದನ್ನು ತಂದಳು. ಅದರಲ್ಲಿ ಒಣಗಿದ ಬೇವಿನೆಲೆಗಳು, ಮಡಿಕೆಗಳಲ್ಲಿ ಹರಿದ ಒಂದು ಹಾಲ್ ಟಿಕೆಟ್ಟು, ಕರಿಯುಣ್ಣೆಯನ್ನು ಹೊಸೆದು ಮಾಡಿದ ಒಂದು ಕಂಕಣ. ಉಣ್ಣೆಯ ಸಂದುಗಳಲ್ಲಿ ಅರಿಷಿಣ ಗಟ್ಟಿಯಾಗಿ ಕೂತಿತ್ತು.

ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು.

ಅವಳದು ಕುರಿ ಕಾಯುವ ಮನೆ. ಕುರಿಯ ಹಿಂದೆ ಊರೂರು ಅಲೆಯುತ್ತ ಎರಡು ಸಲ ಶಾಲೆ ಬಿಟ್ಟು, ಎರಡು ಸಲ ಮತ್ತೆ ಸೇರಿದವಳು. ಎಸ್ಸೆಸ್ಸೆಲ್ಸಿಗೆ ಬರುವಾಗ ಹತ್ತೊಂಬತ್ತು ದಾಟಿತ್ತು. ಪರೀಕ್ಷೆಗಳ ನಡುವಿನ ಭಾನುವಾರ ಮದುವೆಯಾಯಿತು. ಅವರ ಮನೆಯ ಪದ್ಧತಿಯಲ್ಲಿ ಮದುವೆಯ ಕಂಕಣ ಉಣ್ಣೆಯದು. ಐದನೆಯ ದಿನ ಬಿಚ್ಚಿ ನೀರಿಗೆ ಬಿಡಬೇಕು. ಅಲ್ಲಿಯವರೆಗೆ ಕೈಯಿಂದ ತೆಗೆಯುವಂತಿಲ್ಲ. ಸೋಮವಾರ ಗಣಿತದ ಪರೀಕ್ಷೆ. ಕಂಕಣ ಕಟ್ಟಿಕೊಂಡೇ ಬಂದಳು. ಆ ದಿನ ಆ ಕೋಣೆಯ ಮೇಲ್ವಿಚಾರಣೆ ನನ್ನದು. ಪರೀಕ್ಷಾ ಮುಖ್ಯಸ್ಥರು ಬಂದು ಅವಳ ಕೈ ನೋಡಿ, "ಆ ದಾರದಾಗ ಚೀಟಿ ಇದ್ರ ಯಾರು ಜವಾಬ್ದಾರಿ? ಕತ್ತರಿ ತರ್ರಿ" ಎಂದು ನನ್ನ ಕಡೆ ಕೈ ಚಾಚಿದರು. ಹೊಲಿಗೆಯವಳ ಚೀಲದಲ್ಲಿ ಕತ್ತರಿ ಇದ್ದೇ ಇರುತ್ತದೆಂದು ಅವರಿಗೆ ಗೊತ್ತಿತ್ತು. ನಾನು ಕತ್ತರಿ ಕೊಡಲಿಲ್ಲ. ನನ್ನ ಕರವಸ್ತ್ರವನ್ನು ಕಂಕಣದ ಮೇಲೆ ಸುತ್ತಿ, ಅಂಚನ್ನು ಸೂಜಿಯಿಂದ ಹೊಲಿದು ಮುಚ್ಚಿ, ಹೊಲಿಗೆಯ ಮೇಲೆ ಸಹಿ ಮಾಡಿರೆಂದು ಅವರ ಮುಂದೆ ಹಿಡಿದೆ. ಬೇರೆ ದಾರಿಯಿಲ್ಲದೆ ಸಹಿ ಮಾಡಿದರು.

"ಹೊರಗ ಗೇಟಿನ್ಯಾಗ ನಮ್ಮವ್ವ ಕುಂತಿದ್ಲು, ನೆನಪದ ಏನ್ರಿ?" ಎಂದು ಕೇಳಿದಳು.

ನೆನಪಿತ್ತು. ಮೂರು ತಾಸು ಆ ತಾಯಿ ಗೇಟಿನ ಬಳಿ ಕದಿರು ತಿರುವಿ ಉಣ್ಣೆ ನೂಲುತ್ತ ಕೂತಿದ್ದಳು.

"ಐದನೇ ದಿನ ಬಿಚ್ಚಿದ್ವಿ. ನಮ್ಮವ್ವ ನೀರಿಗೆ ಬಿಡಾಕ ಕೊಡಲಿಲ್ಲ. 'ಇದು ಪರೀಕ್ಷಿ ಬರದದ. ನೀ ಪಾಸಾದಿ ಅಂದ್ರ ನೀನ ಕೈಯಾರೆ ಬಿಡು' ಅಂದ್ಲು. ನಾ ಲೆಕ್ಕದಾಗ ಫೇಲ್. ಮುಂದಿನ ಸಲ ಪಾಸಾದೆ. ಅಷ್ಟ್ರಾಗ ಆಕಿ ತೀರಿದ್ಲು. ಯಾರಿಗೆ ತೋರ್ಸಿ ಬಿಡ್ಲಿರಿ? ಹಂಗ ಇಟ್ಟೀನಿ."

"ಈಗ?"

"ಈಗ ನಿಮ್ಮ ಬುಕ್ಕಿನ್ಯಾಗ ಬರ್ಲಿ. ಸಾಲಿ ಮಂದಿ ಎಲ್ಲಾ ನೋಡ್ಲಿ, ಇಂಥಾಕಿ ಇದನ್ನ ನೂತಿದ್ಲು ಅಂತ ಓದ್ಲಿ. ಅಂದ್ರ ಆಕಿಗೆ ತೋರ್ಸಿದಂಗ ಆತು. ಆಮ್ಯಾಲೆ ವಾಪಸ್ ಕೊಡ್ರಿ, ಹೊಳಿಗೆ ಹೋಗಿ ಬಿಟ್ಟು ಬರ್ತೀನಿ."

ಇದೇ ಅವಳ ಷರತ್ತು. ಹತ್ತು ಜನರ ಕಣ್ಣಿಗೆ ಬೀಳಬೇಕು. ನಂತರ ಅವಳ ಕೈಯಿಂದಲೇ ನೀರಿಗೆ ಹೋಗಬೇಕು. ಹಾಲ್ ಟಿಕೆಟ್ಟಿನ ಸಮೇತ ಡಬ್ಬಿಯನ್ನು ತೆಗೆದುಕೊಂಡು, ಚೀಟಿಯಲ್ಲಿ ಇದನ್ನೂ ಬರೆದೆ.

"ತೊಳೀಬ್ಯಾಡ್ರಿ ಮತ್ತ," ಎಂದಳು. "ಅರಿಷಿಣ ಆಕಿ ಹಚ್ಚಿದ್ದು. ಬೇವಿನೆಲಿನೂ ತಗೀಬ್ಯಾಡ್ರಿ, ನುಸಿ ಹತ್ತತದ."

"ನನಗ ಪಾಠ ಹೇಳ್ತೀಯೇನವ್ವಾ?"

"ನೀವ ಕಲಿಸಿದ್ದಲ್ರಿ, ಯಾವ್ದನ್ನೂ ಎರಡು ಸಲ ಹೇಳಬೇಕಂತ. ನಿಮ್ಮ ದಸ್ತಿ ಮಾತ್ರ ನಾ ವಾಪಸ್ ಕೊಟ್ಟೀನಿ, ಒಗದು ಮಡಿಚಿ ಕೊಟ್ಟೀನಿ."

ಕರವಸ್ತ್ರ ಹಿಂದಿರುಗಿದ್ದು ನನಗೆ ನೆನಪಿರಲಿಲ್ಲ. ಅವಳಿಗಿತ್ತು.

ಆ ಕಂಕಣದ ಚಿತ್ರ ತೆಗೆಯುವುದು ನನಗೆ ನಾಲ್ಕು ದಿನದ ಕೆಲಸವಾಯಿತು. ಸ್ಕ್ಯಾನರಿನ ಗಾಜಿನ ಮೇಲಿಟ್ಟರೆ ಗಾಜಿಗೆ ತಾಗಿದ ಭಾಗವಷ್ಟೇ ಸ್ಪಷ್ಟವಾಗಿ, ಮೇಲೆದ್ದ ಭಾಗ ಹೊಗೆಯಂತೆ ಮಸುಕಾಗುತ್ತಿತ್ತು. ಮುಚ್ಚಳವನ್ನು ಒತ್ತಿದರೆ ಹೊಸೆತ ಚಪ್ಪಟೆಯಾಗುವ ಭಯ. ಸ್ಕ್ಯಾನರನ್ನು ಬಿಟ್ಟು ಮೊಬೈಲಿಗೆ ಬಂದೆ. ಸ್ಟೂಲೊಂದನ್ನು ತಲೆಕೆಳಗು ಮಾಡಿ ಅದರ ಕಾಲುಗಳಿಗೆ ಅಡ್ಡಪಟ್ಟಿ ಕಟ್ಟಿ, ಮೊಬೈಲ್ ಅಲುಗದಂತೆ ಕೂರಿಸಿದೆ. ಬಡಗಣ ಕಿಟಕಿಯ ಬೆಳಕು, ಫ್ಲ್ಯಾಶ್ ಇಲ್ಲ. ಬಿಳಿಯ ಬಟ್ಟೆಯ ಮೇಲೆ ಇಟ್ಟರೆ ಉಣ್ಣೆ ಎಳೆಗಳಿಲ್ಲದ ಕರಿಯ ಮುದ್ದೆಯಾಗಿ ಕಂಡಿತು. ಕರಿಯ ಬಟ್ಟೆಯ ಮೇಲೆ ಅಂಚೇ ಕಾಣೆಯಾಯಿತು. ಕಡೆಗೆ ಕೋರಾ ಬಟ್ಟೆಯ ಮಾಸಲು ಬಣ್ಣ ಒಪ್ಪಿತು. ಪಕ್ಕದಲ್ಲಿ ಅಳತೆಗೆ ನನ್ನ ಹೊಲಿಗೆಯ ಟೇಪು. ಎತ್ತರದ ಬೇರೆ ಬೇರೆ ಮಟ್ಟಗಳಲ್ಲಿ ದೃಷ್ಟಿ ನಿಲ್ಲಿಸಿ ಏಳು ಚಿತ್ರ ತೆಗೆದೆ. ಪ್ರತಿಯೊಂದರಲ್ಲಿ ಸ್ಪಷ್ಟವಾಗಿದ್ದ ಭಾಗವನ್ನು ಮಾತ್ರ ಉಳಿಸಿಕೊಂಡು ಏಳನ್ನೂ ಒಂದಾಗಿ ಸೇರಿಸಿದೆ. ಮೂರನೆಯ ದಿನ ಅರ್ಧ ಕೆಲಸವಾಗಿದ್ದಾಗ ಕರೆಂಟ್ ಹೋಗಿ ಉಳಿಸದ ಫೈಲು ಅಳಿಸಿಹೋಯಿತು. ನಾಲ್ಕನೆಯ ದಿನ ಮೊದಲಿನಿಂದ ಮಾಡಿದೆ. ಮುಗಿದಾಗ ತೆರೆಯ ಮೇಲೆ ಎಳೆ ಎಳೆ ಎಣಿಸಬಹುದಿತ್ತು. ಕರಿ ಎಳೆಗಳ ನಡುವೆ ಒಂದೇ ಒಂದು ಬಿಳಿ ಎಳೆ ಹೊಸೆದುಕೊಂಡು ಹೋಗಿರುವುದೂ ಕಂಡಿತು. ಬರಿಗಣ್ಣಿಗೆ ಅದು ಕಂಡಿರಲಿಲ್ಲ.

ಪುಟಗಳ ಜೋಡಣೆಗೆ ಸಂಘದವರು ರಾಯಚೂರಿನ ಸ್ಟೇಷನ್ ರಸ್ತೆಯ ಕಡೆಯ ಒಬ್ಬ ವಿನ್ಯಾಸಕಾರನನ್ನು ಗೊತ್ತುಮಾಡಿದ್ದರು. ಮದುವೆಯ ಆಲ್ಬಮ್ ಮಾಡುವುದರಲ್ಲಿ ಪಳಗಿದ ಕೈ. ಕಂಕಣದ ಚಿತ್ರ ನೋಡಿದವನೇ, "ಅಕ್ಕೋರೇ, ಇದಕ್ಕ ಹಳದಿ ಕಲೆ ಹತ್ಯಾವ, ಎರಡು ನಿಮಿಷದಾಗ ತಗದುಬಿಡ್ತೀನಿ" ಎಂದು ಒಂದು ಗುಂಡಿ ಒತ್ತಿದ. ತಾಯಿ ಹಚ್ಚಿದ ಅರಿಷಿಣ ಮಾಯವಾಯಿತು.

"ವಾಪಸ್ ತಾ," ಎಂದೆ.

"ಕಲೆ ರೀ ಅದು!"

"ನಿನ್ನ ಮದುವೆ ಫೋಟೋದಾಗ ನಿನ್ನ ಮುಖದ ಅರಿಷಿಣಾನೂ ಹಿಂಗ ಅಳಿಸೀಯೇನು?"

ಅವನು ನಕ್ಕ. "ಇಲ್ರಿ, ಅದಕ್ಕ ಇನ್ನೀಟು ಬೆಳ್ಳಗ ಮಾಡೀನಿ," ಎಂದು ಅರಿಷಿಣವನ್ನು ಹಿಂದಕ್ಕೆ ತಂದ. ಹಾಲ್ ಟಿಕೆಟ್ಟನ್ನು ಕಂಕಣದ ಎಡಕ್ಕೆ ಇಟ್ಟೆವು. ಅವಳ ನಾಲ್ಕು ಸಾಲನ್ನು ಕೆಳಗೆ. ಧ್ವನಿಯ ಗುಂಡಿಯನ್ನು ಮೂಲೆಗೆ. ಮೂವತ್ತೊಂಬತ್ತೂ ಪುಟ ಮುಗಿದ ದಿನ ಪ್ರತಿಯೊಂದನ್ನೂ ತೆರೆದು, ಚೀಟಿಯ ಜೊತೆ ತಾಳೆ ನೋಡಿ, ಮೂಲ ಫೈಲುಗಳನ್ನು ನನ್ನ ಖಾತೆಯಲ್ಲಿ ಇಟ್ಟುಕೊಂಡೆ. ಪುಸ್ತಕ ತೆರೆಯುವ ಇಂಟರ್ನೆಟ್ ಕೊಂಡಿಯೂ ನನ್ನ ಖಾತೆಯದೇ. ಪುಟ ತಿದ್ದುವ ಅನುಮತಿ ನನಗೆ ಮತ್ತು ವಿನ್ಯಾಸಕಾರನಿಗೆ ಮಾತ್ರ.

ಬಿಡುಗಡೆಗೆ ಐದು ದಿನ ಇರುವಾಗ ಅಧ್ಯಕ್ಷರು ಕಾರಿನಲ್ಲಿ ನಮ್ಮ ಮನೆಗೆ ಬಂದರು. ಚಹಾ ಬೇಡವೆಂದರು, ಪೆಟ್ಟಿಗೆ ಬೇಕೆಂದರು. ಮೂಲ ವಸ್ತುಗಳನ್ನು ಸಭಾಂಗಣದ ಗಾಜಿನ ಕಪಾಟಿನಲ್ಲಿಟ್ಟು ಪ್ರದರ್ಶಿಸುವ ಯೋಚನೆಯಂತೆ. ಹಿಂದಿರುಗಿಸುವ ವಾಯಿದೆ ಹತ್ತಿರ ಬಂದಿತ್ತು. ಕೊಡಬಾರದೆಂದು ಮನಸ್ಸು ಹೇಳಿತು. ಆದರೆ ಸಾಲಿ ಮಂದಿ ನೋಡಲಿ ಎಂದ ಆ ಹೆಣ್ಣುಮಗಳ ಮಾತೂ ನೆನಪಾಯಿತು. ಗಾಜಿನ ಹಿಂದೆ ನಿಜವಾದ ಕಂಕಣವೇ ಇದ್ದರೆ ಅವಳಿಗೆ ಇನ್ನಷ್ಟು ಸಂತೋಷವಾದೀತು ಎಂದುಕೊಂಡು ಪೆಟ್ಟಿಗೆ ತಂದಿಟ್ಟೆ, ಚೀಟಿ ಪುಸ್ತಕ ತೆರೆದೆ.

ಅಧ್ಯಕ್ಷರು ಗಟ್ಟಿಯಾಗಿ ನಕ್ಕರು. "ಏನ್ರಿ ಅಕ್ಕೋರೇ, ನನಗೂ ಚೀಟಿ ಬರೀತೀರೇನು? ನಾ ಏನು ಜಂಪರ್ ಹೊಲಿಸಾಕ ಬಂದೀನೇನ್ರಿ?"

ಅವರ ಕಾರಿನ ಚಾಲಕನೂ ನಕ್ಕ. ನಾನು ಚೀಟಿ ಪುಸ್ತಕ ಮುಚ್ಚಿದೆ.

ಮೂವತ್ತೊಂಬತ್ತು ಚೀಟಿ ಬರೆದವಳು ಆ ಒಂದನ್ನು ಬರೆಯಲಿಲ್ಲ. ಹೊಲ ಮನೆ ಮಾಡುವ ಹೆಂಗಸರಿಂದ, ಗಾರೆ ಕೆಲಸದವರಿಂದ ಒಂದೂ ಬಿಡದೆ ಸಹಿ ಪಡೆದೆ. ಗಿರಣಿ ಮಾಲೀಕರ ನಗೆಗೆ ಹಿಂಜರಿದೆ. ಈ ಕಥೆಯಲ್ಲಿ ನನ್ನ ಪಾಲಿನ ತಪ್ಪು ಇದು. ಇದನ್ನು ಮುಚ್ಚಿಟ್ಟು ಬೇರೆಯವರ ತಪ್ಪು ಬರೆಯುವ ಹಕ್ಕು ನನಗಿಲ್ಲ.

ಬಿಡುಗಡೆಯ ದಿನ ಸಭಾಂಗಣ ತುಂಬಿತ್ತು. ಆಹ್ವಾನ ಪತ್ರಿಕೆಯಲ್ಲಿ ಶಾಮಿಯಾನದವರ ಹೆಸರಿತ್ತು, ನನ್ನದಿರಲಿಲ್ಲ. ಆ ಹೆಣ್ಣುಮಗಳು ಹಿರೇಕೊಟ್ನೆಕಲ್ಲಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಇಳಕಲ್ ಸೀರೆ ಉಟ್ಟಿದ್ದಳು. ಜೊತೆಗೆ ಸೊಸೆಯನ್ನೂ ಕರೆತಂದಿದ್ದಳು. ಮೂರನೆಯ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಕೂತರು. ದೀಪ ಹಚ್ಚಿ, ಭಾಷಣಗಳು ಮುಗಿದು, ಪರದೆಯ ಮೇಲೆ ಪುಟಗಳು ಒಂದೊಂದಾಗಿ ಬರತೊಡಗಿದವು. ಇಪ್ಪತ್ತೆರಡು ಬಂತು. "ಈಗ ನೋಡು," ಎಂದು ಅವಳು ಸೊಸೆಯ ಕೈ ಹಿಡಿದಳು.

ಇಪ್ಪತ್ತಮೂರು ಬಂತು. ಕೆಂಪು ಪಟ್ಟೆಯ ಬಟ್ಟೆಯ ಮೇಲೆ ಮುತ್ತು, ಹರಳು, ಜರಿಯ ಗೊಂಡೆ ಇದ್ದ ಕಂಕಣ. ಹಾಲ್ ಟಿಕೆಟ್ಟು ಇರಲಿಲ್ಲ. ಅವಳ ನಾಲ್ಕು ಸಾಲಿನ ಜಾಗದಲ್ಲಿ "ನಮ್ಮ ನಾಡಿನ ವಿವಾಹ ಸಂಪ್ರದಾಯ" ಎಂದಿತ್ತು. ಧ್ವನಿಯ ಗುಂಡಿ ಒತ್ತಿದಾಗ ಶಹನಾಯಿ ಕೇಳಿಸಿತು. ಜನ ಚಪ್ಪಾಳೆ ತಟ್ಟಿದರು.

ಅವಳು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಚಿತ್ರ ಬದಲಾದುದನ್ನು ಗಮನಿಸಿರಲಾರೆನೆಂಬಂತೆ, ತಗ್ಗಿದ ದನಿಯಲ್ಲಿ ಹೇಳಿದಳು: "ಅಕ್ಕೋರೇ, ಅದು ನಂದಲ್ರಿ."

ಅದೇ ಹೊತ್ತಿಗೆ ನನ್ನನ್ನು ವೇದಿಕೆಗೆ ಕರೆದರು. "ಹೊಲಿಗಿ ಅಕ್ಕೋರು" ಎಂದೇ ಕರೆದರು. ಶಾಲು ಹೆಗಲಿಗೆ ಬಿತ್ತು. ಅದನ್ನು ಮಡಿಚಿ ಅಧ್ಯಕ್ಷರ ಕುರ್ಚಿಯ ಮೇಲಿಟ್ಟು, ಇಳಿದು, ನೇರವಾಗಿ ಗಾಜಿನ ಕಪಾಟಿನ ಹತ್ತಿರ ಹೋದೆ.

ಕಪಾಟಿನಲ್ಲಿ ವಸ್ತುಗಳಿದ್ದವು, ಒಂದಕ್ಕೂ ನನ್ನ ಸಂಖ್ಯೆಯ ಪಟ್ಟಿಯಿರಲಿಲ್ಲ. ಪಕ್ಕದ ಮೇಜಿನ ಮೇಲೆ ಒಂದು ಸ್ಟೀಲ್ ತಟ್ಟೆಯಲ್ಲಿ ಅಷ್ಟೂ ಪಟ್ಟಿಗಳು ರಾಶಿಯಾಗಿ ಬಿದ್ದಿದ್ದವು. ದಾರಗಳನ್ನು ಕತ್ತರಿಯಿಂದ ಕತ್ತರಿಸಿದ್ದರು. ಶಾಲೆಯ ಸಭಾಂಗಣ ಗುಡಿಸುವ ಹೆಂಗಸು ಅಲ್ಲೇ ನಿಂತಿದ್ದಳು. ಪತ್ರಿಕೆಗೆ ಫೋಟೋ ತೆಗೆಸುವಾಗ ಬಿಳಿ ಚೀಟಿಗಳು ಅಡ್ಡ ಬರುತ್ತವೆಂದು ಹಿಂದಿನ ದಿನ ಕತ್ತರಿಸಿದರೆಂದು ಹೇಳಿದಳು.

ಸಭೆ ನಡೆಯುತ್ತಿರುವಾಗಲೇ ನಾನು ನೆಲದ ಮೇಲೆ ಕೂತು ವಸ್ತುಗಳಿಗೆ ಪಟ್ಟಿಗಳನ್ನು ಹೊಂದಿಸತೊಡಗಿದೆ. ಪ್ರತಿ ವಸ್ತುವಿನ ಚಿತ್ರ ಟೇಪಿನ ಅಳತೆಯ ಸಮೇತ ನನ್ನ ಮೊಬೈಲಿನಲ್ಲಿತ್ತು. ಒಂದೇ ಥರದ ಎರಡು ಬಿಲ್ಲೆಗಳನ್ನು ಅಂಚಿನ ಗೀರಿನಿಂದ ಬೇರ್ಪಡಿಸಿದೆ. ಮೂರು ಬೀಗದ ಕೈಗಳನ್ನು ಉದ್ದದಿಂದ. ಆ ಹೆಣ್ಣುಮಗಳು ಎದುರು ಕೂತು, ನಾನು ಹೇಳಿದ ಸಂಖ್ಯೆಯನ್ನು ತಟ್ಟೆಯಿಂದ ಹುಡುಕಿ ಕೊಡುತ್ತ ಹೋದಳು. ಮೂವತ್ತೆಂಟು ಹೊಂದಿದವು. ತಟ್ಟೆಯಲ್ಲಿ ಒಂದು ಪಟ್ಟಿ ಉಳಿಯಿತು. ಅವಳು ಅದನ್ನು ಎತ್ತಿ ಓದಿ ನನ್ನ ಅಂಗೈಯಲ್ಲಿಟ್ಟಳು. ಸಂಖ್ಯೆ ಹೇಳುವ ಅಗತ್ಯವಿರಲಿಲ್ಲ. ಹಾಲ್ ಟಿಕೆಟ್ಟು ಕಪಾಟಿನ ಹಾಳೆಯ ಕೆಳಗೆ ಸಿಕ್ಕಿತು. ಕಂಕಣ ಎಲ್ಲೂ ಇರಲಿಲ್ಲ.

ಗುಡಿಸುವ ಹೆಂಗಸು ಅಳುವ ದನಿಯಲ್ಲಿ ಹೇಳಿದಳು: "ಯವ್ವಾ, ನಾ ಕೇಳೀನ್ರಿ. 'ಸಾಹೇಬ್ರ, ಇದು ಕಂಕಣ ಇದ್ದಂಗದರಿ, ಅರಿಷಿಣ ಹಚ್ಯಾರ' ಅಂದೆ. 'ಹೊಲಸು ದಾರ ಅದು, ಫೋಟೋದಾಗ ಚಂದ ಕಾಣಲ್ಲ, ಒಯ್ಯಿ' ಅಂದ್ರು. ಬೇವಿನೆಲಿ ಸುದ್ದಾ ಒಯ್ಯಿ ಅಂದ್ರು."

"ಯಾವ ಸಾಹೇಬರು?"

ಅವಳು ವೇದಿಕೆಯ ನಡುವಿನ ಕುರ್ಚಿಯ ಕಡೆ ನೋಡಿದಳು.

ಉಳಿದ ವಸ್ತುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಕೊಂಡು ನಾನು, ಅವಳು, ಅವಳ ಸೊಸೆ ಮೂವರೂ ಪುರಸಭೆಯ ಕಸದ ಟ್ರ್ಯಾಕ್ಟರ್ ಸುರಿಯುವ ಜಾಗಕ್ಕೆ ಆಟೋದಲ್ಲಿ ಹೋದೆವು. ಹಿಂದಿನ ದಿನದ ಕಸಕ್ಕೆ ಬೆಂಕಿ ಹಚ್ಚಿಯಾಗಿತ್ತು. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಅಲ್ಲಿ ಎಲ್ಲಾ ವಾಸನೆಗಳೂ ಇದ್ದವು. ಒಂದು ಕಡ್ಡಿ ಹಿಡಿದು ಬೂದಿ ಕೆದಕಿದೆವು. ಅವಳ ಇಳಕಲ್ ಸೀರೆಯ ಅಂಚಿಗೆ ಬೂದಿ ಮೆತ್ತಿತು. ಕಡೆಗೆ ಅವಳೇ, "ಸಾಕ್ರಿ ಅಕ್ಕೋರೇ, ಬಸ್ಸು ತಪ್ಪತದ" ಎಂದಳು. ನಿಲ್ದಾಣದಲ್ಲಿ ಇಬ್ಬರನ್ನೂ ಬಸ್ಸು ಹತ್ತಿಸಿದೆ.

ಆ ಸಂಜೆ ಬಸ್ಸಿನಲ್ಲಿ ರಾಯಚೂರಿಗೆ ಮರಳುವಾಗ ವಿನ್ಯಾಸಕಾರನಿಗೆ ಫೋನ್ ಮಾಡಿದೆ. ಅವನು ತಡವರಿಸಿದ. "ಅಧ್ಯಕ್ಷರು ಹೇಳಿದ್ರುರಿ, ಆ ಪುಟ ಮಾತ್ರ ಈಟು ಚಂದ ಮಾಡು, ಅಕ್ಕೋರಿಗೆ ನಾ ಹೇಳ್ತೀನಿ ಅಂದ್ರು. ನಿಮಗ ಹೇಳ್ಯಾರಂತ ತಿಳಕೊಂಡೆ." ತಿಳಿದುಕೊಳ್ಳುವುದಕ್ಕೂ ಕೇಳುವುದಕ್ಕೂ ಒಂದು ಫೋನಿನ ಅಂತರವಿತ್ತು; ಅವನು ಆ ಫೋನ್ ಮಾಡಲಿಲ್ಲ. ಇದನ್ನು ಅವನಿಗೆ ಹೇಳಿದೆ. ತಪ್ಪಾಯಿತೆಂದ. ಆ ಸಂಜೆ ಆ ಮಾತು ಹೇಳಿದವನು ಅವನೊಬ್ಬನೇ.

ಮುಂದೇನು ಮಾಡಬೇಕೆಂದು ಬಸ್ಸು ಊರು ಮುಟ್ಟುವಷ್ಟರಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಮನೆಗೆ ಬಂದು ಕೈಕಾಲು ತೊಳೆದು ಕಂಪ್ಯೂಟರ್ ತೆರೆದೆ. ಸಂಘದವರು ಊರಿಗೆಲ್ಲ ಹಂಚಿದ್ದ ಪುಸ್ತಕದ ಕೊಂಡಿಯನ್ನು ಮುಚ್ಚಿದೆ. ವಿನ್ಯಾಸಕಾರನ ಅನುಮತಿಯನ್ನು ತೆಗೆದುಹಾಕಿದೆ. ಮೂಲ ಇಪ್ಪತ್ತಮೂರನೆಯ ಪುಟವನ್ನು ಅದರ ಜಾಗದಲ್ಲಿಟ್ಟೆ: ಹಾಲ್ ಟಿಕೆಟ್ಟು, ಕಂಕಣ, ನಾಲ್ಕು ಸಾಲು, ಅವಳ ಧ್ವನಿ. ಹೊಸ ಕೊಂಡಿ ಮಾಡಿ, ವಸ್ತು ಕೊಟ್ಟ ಮೂವತ್ತೊಂಬತ್ತು ಜನಕ್ಕೆ ಮಾತ್ರ ಕಳಿಸಿದೆ.

ಮರುದಿನ ಬೆಳಿಗ್ಗೆ ಅಧ್ಯಕ್ಷರ ಫೋನ್ ಬಂತು.

"ಅಕ್ಕೋರೇ, ಬುಕ್ಕು ಓಪನ್ ಆಗವಲ್ದು."

"ನಾನ ಮುಚ್ಚೀನಿ."

"ಯಾಕ್ರಿ? ಮಂದಿ ನನಗ ಕೇಳಾಕತ್ತಾರ!"

"ಕಂಕಣ ಎಲ್ಲಿ?"

"ಒಂದು ದಾರಕ್ಕ ಇಷ್ಟು ಸಿಟ್ಟೇನ್ರಿ? ಹೆಂಗೂ ಸ್ಕ್ಯಾನ್ ಆಗ್ಯದಲ್ಲ, ಮತ್ತ ಅದನ್ನ ಇಟ್ಕೊಂಡು ಏನ್ಮಾಡ್ತಾರ? ಬೇಕಾದ್ರ ಬೆಳ್ಳೀದು ಮಾಡಿಸಿ ಕೊಡ್ತೀನಿ ಆಕಿಗೆ."

ಪುಸ್ತಕ ಮತ್ತೆ ತೆರೆಯಲು ಮೂರು ಷರತ್ತು ಹೇಳಿದೆ. ಹಿರೇಕೊಟ್ನೆಕಲ್ಲಿಗೆ ತಾವೇ ಹೋಗಿ, ಅವಳ ಮನೆಯ ಕಟ್ಟೆಯ ಮೇಲೆ ಕೂತು, ಕಂಕಣ ಏನಾಯಿತೆಂದು ತಮ್ಮ ಬಾಯಿಂದ ಹೇಳಬೇಕು. ಅದೇ ಸಭಾಂಗಣದಲ್ಲಿ, ಅದೇ ಪರದೆಯ ಮೇಲೆ, ನಿಜವಾದ ಪುಟವನ್ನು ತೋರಿಸಿ ಅವಳ ತಾಯಿಯ ಹೆಸರನ್ನು ಓದಬೇಕು. ಗುಡಿಸುವ ಹೆಂಗಸಿನ ಮೇಲೆ ತಪ್ಪು ಹೊರಿಸುವಂತಿಲ್ಲ.

"ತಾಂತ್ರಿಕ ದೋಷ ಆಗ್ಯದಂತ ಒಂದು ಸಾಲು ಹಾಕಿಬಿಡ್ರಿ," ಎಂದರು ಅಧ್ಯಕ್ಷರು.

ತಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ನಾಲ್ಕು ದಿನ ಕೂತು ಆ ತಂತ್ರವನ್ನು ನಡೆಸಿದವಳು ನಾನು. ಫೋನ್ ಇಟ್ಟೆ.

ಮುಂದಿನ ಎರಡು ವಾರಗಳಲ್ಲಿ ಮೂವತ್ತೆಂಟು ವಸ್ತುಗಳನ್ನು ಅವರವರ ಮನೆಗೆ ಹೋಗಿ ಕೊಟ್ಟು ಚೀಟಿಯ ಮೇಲೆ ಸಹಿ ಪಡೆದೆ. ಕಡೆಯ ದಿನ ಹಿರೇಕೊಟ್ನೆಕಲ್ಲಿಗೆ ಹೋದೆ. ಅವಳು ಮಕ್ಕಳ ಅಕ್ಕಿ ಆರಿಸುತ್ತ ಕೂತಿದ್ದಳು. ನಾನು ಬರೆಯದ ಆ ಒಂದು ಚೀಟಿಯ ವಿಷಯವನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಅಕ್ಕಿ ಆರಿಸಿದಳು. ಮೊರ ಬರಿದಾದ ಮೇಲೂ ಬೆರಳು ಆಡುತ್ತಲೇ ಇತ್ತು.

"ತೋರಸ್ರಿ," ಎಂದಳು.

ಮೊಬೈಲಿನಲ್ಲಿ ಆ ಪುಟ ತೆರೆದು, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದೆ. ಒಂದೊಂದು ಎಳೆಯೂ ದಾರದಷ್ಟು ದಪ್ಪವಾಯಿತು. ಅವಳು ಕಣ್ಣು ಕಿರಿದು ಮಾಡಿ ನೋಡುತ್ತಿದ್ದವಳು ಒಮ್ಮೆಲೇ ಬೆರಳಿಟ್ಟಳು.

"ಬಿಳಿ ಎಳಿ! ನೋಡ್ರಿ, ಬಿಳಿ ಎಳಿ. ಆಕಿ ಕಂಬಳಿ ನೂಲಿಗೆಲ್ಲಾ ಹಿಂಗ ಒಂದು ಬಿಳೇದು ಸೇರಿಸ್ತಿದ್ಲು, ಸಂತ್ಯಾಗ ಯಾರರ ಕದ್ರ ಗುರ್ತು ಸಿಗ್ಲಿ ಅಂತ. ಭಾಳ ಶ್ಯಾಣ್ಯಾಕಿ. ನನ್ನ ಕಂಕಣದಾಗೂ ಹಾಕ್ಯಾಳ, ಇಷ್ಟು ವರ್ಷ ನನಗ ಗೊತ್ತ ಇದ್ದಿದ್ದಿಲ್ಲ." ನಕ್ಕಳು. "ನನ್ನನ್ಯಾರು ಕದಿತಾರ ಅಂದ್ಕೊಂಡಿದ್ಲೋ ಏನೋ."

ಬೆರಳು ತಾಗಿ ಚಿತ್ರ ಸರಿದುಹೋಯಿತು. ಮತ್ತೆ ತಂದುಕೊಟ್ಟೆ. ಮತ್ತೆ ಸರಿಯಿತು. ಮೂರನೆಯ ಸಲ ಅವಳು ಮುಟ್ಟಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಆಮೇಲೆ ನನ್ನನ್ನು ಒಂದು ಮಾತು ಕೇಳಿದಳು. ಸಿಟ್ಟಿನಿಂದ ಕೇಳಲಿಲ್ಲ. ತರಗತಿಯಲ್ಲಿ ಗೊತ್ತಿಲ್ಲದ್ದನ್ನು ಕೇಳುವ ಹುಡುಗಿಯ ಹಾಗೆ ಕೇಳಿದಳು. ಅವಳ ಚೀಟಿಯಲ್ಲಿ ಹಿಂದಿರುಗಿಸಿದ ಸಹಿಯ ಜಾಗ ಖಾಲಿಯಿದೆ; ತಟ್ಟೆಯಲ್ಲಿ ಉಳಿದಿದ್ದ ಬಟ್ಟೆಯ ಪಟ್ಟಿಯನ್ನು ಅದರ ಮೇಲೆ ಬಿಳಿ ದಾರದಿಂದ ಹೊಲಿದು ಇಟ್ಟಿದ್ದೇನೆ.

ಅಧ್ಯಕ್ಷರೇ, ಸಂಘದ ಸದಸ್ಯರೇ, ನಿಮ್ಮ ಪುಸ್ತಕ ಈಗಲೂ ಮುಚ್ಚಿದೆ, ನಿಮ್ಮಲ್ಲಿ ಯಾರೂ ಈವರೆಗೆ ಹಿರೇಕೊಟ್ನೆಕಲ್ಲಿನ ಬಸ್ಸು ಹತ್ತಿಲ್ಲ. ಹೆಂಗೂ ಸ್ಕ್ಯಾನ್ ಆಗ್ಯದಲ್ಲ ಎಂದಿರಿ. ಸರಿ, ಚಿತ್ರ ನನ್ನ ಬಳಿ ಎಳೆ ಎಳೆಯಾಗಿ ಇದೆ. ಅವಳು ನನ್ನನ್ನು ಕೇಳಿದ್ದನ್ನು ಅವಳ ಮಾತಿನಲ್ಲೇ ನಿಮ್ಮ ಮುಂದೆ ಇಡುತ್ತಿದ್ದೇನೆ, ಉತ್ತರ ಹೇಳಿ: "ಈ ಚಿತ್ರನ ಯಾವ ಹೊಳಿಗೆ ಬಿಡ್ಲಿರಿ?"